ತ್ರೆಸ್ನಾ ವೆರ್ದಾ: ಜಾವಾದ ವೃದ್ಧಾಶ್ರಮದ ಬೋರ್ಡು ಓದುವ ಬಗೆ

ಇಂಡೊನೇಷ್ಯಾದ ಕಾಗದಪತ್ರಗಳನ್ನು ಅನುವಾದ ಮಾಡುವ ನನ್ನಂಥವರಿಗೆ ‘ಪಾಂತಿ ಸೋಸಿಯಲ್ ತ್ರೆಸ್ನಾ ವೆರ್ದಾ’ ಎಂಬ ಹೆಸರು ಆಗಾಗ ಎದುರಾಗುತ್ತದೆ. ಅಲ್ಲಿನ ಸರ್ಕಾರಿ ವೃದ್ಧಾಶ್ರಮಗಳಿಗೆ ಇಡುವ ಹೆಸರು ಅದು. ಕನ್ನಡದವರಿಗೆ ಅರ್ಧ ಅರ್ಥವಾದ ಹಾಗೆ ಅನ್ನಿಸುತ್ತದೆ, ಅಲ್ವಾ? ತೊಡಕು ಇರುವುದೇ ಅಲ್ಲಿ.

ಮೊದಲು ಕೊನೆಯ ಪದ ನೋಡೋಣ. ಸಂಸ್ಕೃತದ ‘ಋ’ವನ್ನು ನಾವು ‘ರು’ ಅನ್ನುತ್ತೇವೆ, ಹಿಂದಿಯವರು ‘ರಿ’ ಅನ್ನುತ್ತಾರೆ. ಜಾವಾದವರ ಬಾಯಲ್ಲಿ ಅದು ಬಹಳ ಸಲ ‘ರೆ’. ಕೃಷ್ಣ ಅಲ್ಲಿ ಕ್ರೆಸ್ನಾ. ಹಾಗೆಯೇ ವೃದ್ಧ ವ್ರೆದಾ ಆಯಿತು, ಆಮೇಲೆ ರಕಾರ ಜಾಗ ಬದಲಿಸಿ ವೆರ್ದಾ. ಎರಡೂ ರೂಪ ಇವತ್ತಿಗೂ ಬೋರ್ಡುಗಳಲ್ಲಿ ಕಾಣುತ್ತವೆ.

ತ್ರೆಸ್ನಾ ನಮ್ಮ ತೃಷ್ಣೆಯೇ. ನಮ್ಮಲ್ಲಿ ತೃಷ್ಣೆ ಅಂದರೆ ಬಾಯಾರಿಕೆ, ತೀರದ ಆಸೆ, ಬಿಡಬೇಕಾದದ್ದು. ಜಾವನೀಸ್‌ನಲ್ಲಿ ಅದೇ ಪದಕ್ಕೆ ಪ್ರೀತಿ, ಅಕ್ಕರೆ ಎಂಬ ಅರ್ಥ. ‘ವಿತಿಂಗ್ ತ್ರೆಸ್ನಾ ಜಲರನ್ ಸಕಾ ಕುಲಿನಾ’ ಅಂತ ಅಲ್ಲೊಂದು ಗಾದೆ: ಪ್ರೀತಿ ಹುಟ್ಟುವುದು ಒಡನಾಟದಿಂದ. ಹಾಗಾಗಿ ಬೋರ್ಡಿನ ಅರ್ಥ ಹಿರಿಯರನ್ನು ಅಕ್ಕರೆಯಿಂದ ನೋಡಿಕೊಳ್ಳುವ ಮನೆ. ‘ವೃದ್ಧರ ತೃಷ್ಣೆ’ ಅಂತ ಬರೆದುಬಿಟ್ಟರೆ ಏನಾದೀತು, ಊಹಿಸಿಕೊಳ್ಳಿ!

ಪಾಂತಿ ಹಳೆಯ ಜಾವನೀಸ್ ಪದ. ಮನೆ, ತಂಗುವ ಜಾಗ ಎಂದು ಅರ್ಥ. ನಮ್ಮ ಊಟದ ‘ಪಂತಿ’ ಕಿವಿಗೆ ಬಿತ್ತು ಅಂತ ಅದಕ್ಕೂ ಇದಕ್ಕೂ ಗಂಟು ಹಾಕಲು ನಾನು ಹೋಗುವುದಿಲ್ಲ. ಈ ಪದದಲ್ಲಿ ದಾನಧರ್ಮದ ವಾಸನೆ ತಾನಾಗಿ ಇಲ್ಲ. ಯೋಗ್ಯಕರ್ತಾದಲ್ಲಿ ಪಾಂತಿ ರಾಪಿ ಎಂಬ ದೊಡ್ಡ ಆಸ್ಪತ್ರೆ ಇದೆ. ‘ಪಾಂತಿ ಪಿಜತ್’ ಅಂದರೆ ಮಸಾಜ್ ಪಾರ್ಲರ್.

ಜನ ಮಾತಾಡುವಾಗ ಬಳಸುವುದು ‘ಪಾಂತಿ ಜೊಂಪೊ’. ಜೊಂಪೊ ಅಂದರೆ ವಯಸ್ಸಾಗಿ ಕೈಲಾಗದವರು. ಮಾತು ಸ್ವಲ್ಪ ಒರಟು. ಸ್ವಾತಂತ್ರ್ಯ ಬಂದ ಮೇಲೆ ಇಂಡೊನೇಷ್ಯಾದ ಸರ್ಕಾರ ಹೊಸ ಹೆಸರು ಬೇಕಾದಾಗ ಸಂಸ್ಕೃತಕ್ಕೂ ಹಳೆಯ ಜಾವನೀಸ್‌ಗೂ ಜಾಸ್ತಿ ಕೈಚಾಚಿತು. ಸೂರಿಲ್ಲದವರು ‘ತುನವಿಸ್ಮಾ’ ಆದದ್ದು ಹೀಗೆ. ತುನ ಅಂದರೆ ಕೊರತೆ, ವಿಸ್ಮಾ ಅಂದರೆ ಸಂಸ್ಕೃತದ ವೇಶ್ಮ, ಮನೆ. ಕುರುಡರು ‘ತುನನೇತ್ರ’. ಒರಟು ಮಾತನ್ನು ಗೌರವದ ಮಾತಿನಿಂದ ಮುಚ್ಚುವ ಈ ಚಾಳಿ ನಮಗೂ ಹೊಸದೇನಲ್ಲ.

ಮಕ್ಕಳ ಆಶ್ರಯಕ್ಕೆ ‘ಪಾಂತಿ ಅಸುಹನ್’ ಅನ್ನುತ್ತಾರೆ. ಇದನ್ನು ಎಲ್ಲರೂ ಅನಾಥಾಲಯ ಅಂತ ಅನುವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ‘ಅಸುಹ್’ ಅಂದರೆ ಸಾಕಿ ಸಲಹುವುದು, ಅಷ್ಟೇ. ಅನಾಥರಿಗೆ ಅಲ್ಲಿ ಬೇರೆಯೇ ಪದಗಳಿವೆ. ತಂದೆ ಇಲ್ಲದ ಮಗು ‘ಯತಿಮ್’, ನಮ್ಮ ಊರುಗಳ ಯತೀಂಖಾನಾದಲ್ಲಿರುವ ಅದೇ ಅರಬ್ಬಿ ಪದ. ತಾಯಿ ಇಲ್ಲದ ಮಗು ‘ಪಿಯಾತು’. ಇಬ್ಬರೂ ಇಲ್ಲದಿದ್ದರೆ ‘ಯತಿಮ್ ಪಿಯಾತು’. ಅಲ್ಲಿನ ಸರ್ಕಾರವೂ ಸೇರಿ ನಡೆಸಿ 2007ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಇಂಥ ಮನೆಗಳ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದರು. ಬಡತನ ಮತ್ತು ಓದಿನ ಖರ್ಚು ಅವರನ್ನು ಅಲ್ಲಿಗೆ ತಂದಿತ್ತು. ಅದಕ್ಕೇ ಕಾಗದದಲ್ಲಿ ನಾನು ‘ಮಕ್ಕಳ ಪಾಲನಾ ಮಂದಿರ’ ಅಂತ ಬರೆಯುತ್ತೇನೆ. ಯಾವ ಮಗು ಅನಾಥ ಅನ್ನುವುದನ್ನು ಅದರ ಕಡತ ಹೇಳಲಿ.