ಚೆಕ್ಕುಬಂದಿ ಬರೆಯದ ಬ್ಯಾರಿಸ್ಟರ್

ಜಿನ್ನಾ ಅಂದ ಕೂಡಲೇ ಎಲ್ಲರೂ 1947ಕ್ಕೆ ಹೋಗಿಬಿಡುತ್ತಾರೆ. ಕೋರ್ಟಿನಲ್ಲಿ ಓಡಾಡುವ ನಮ್ಮಂಥವರಿಗೆ ಅವರು ಮೊದಲು ಸಿಗುವುದು ತಿಲಕರ ಕೇಸಿನಲ್ಲಿ, ಅದಕ್ಕೆ ಬೆಳಗಾವಿಯ ನಂಟೂ ಇದೆ.

1916ರಲ್ಲಿ ತಿಲಕರು ಬೆಳಗಾವಿ ಮತ್ತು ಅಹ್ಮದ್‌ನಗರದಲ್ಲಿ ಹೋಂ ರೂಲ್ (ಸ್ವರಾಜ್ಯ) ಬಗ್ಗೆ ಮರಾಠಿಯಲ್ಲಿ ಭಾಷಣ ಮಾಡಿದರು. ಇದು ರಾಜದ್ರೋಹ, ಒಂದು ವರ್ಷ ತೆಪ್ಪಗಿರುತ್ತೇನೆ ಅಂತ 20,000 ರೂಪಾಯಿಗೆ ಮುಚ್ಚಳಿಕೆ ಬರೆದುಕೊಡಿ, ಜೊತೆಗೆ ತಲಾ 10,000ಕ್ಕೆ ಇಬ್ಬರು ಜಾಮೀನುದಾರರನ್ನು ಕರೆತನ್ನಿ ಎಂದು ಪುಣೆಯ ಮ್ಯಾಜಿಸ್ಟ್ರೇಟ್ ಆದೇಶ ಮಾಡಿದರು. ಆ ಕಾಲದ 20,000, ಸುಮ್ನೆ ಅಲ್ಲ. ಬಾಂಬೆ ಹೈಕೋರ್ಟಿನಲ್ಲಿ ತಿಲಕರ ಪರ ವಾದಿಸಿದವರು ಜಿನ್ನಾ. ಅಲ್ಲೊಂದು ಇಲ್ಲೊಂದು ಸಾಲು ಹೆಕ್ಕಿ ತೂಗಬಾರದು, ಭಾಷಣವನ್ನು ಇಡಿಯಾಗಿ ಓದಬೇಕು ಎಂದು ನ್ಯಾಯಮೂರ್ತಿ ಬ್ಯಾಚೆಲರ್ ಹೇಳಿದರು. ಮ್ಯಾಜಿಸ್ಟ್ರೇಟ್ ಆದೇಶ ಬಿದ್ದುಹೋಯಿತು. ಎಂಟು ವರ್ಷ ಹಿಂದೆ ಇದೇ ತಿಲಕರಿಗೆ ಜಾಮೀನು ಕೇಳಿ ಜಿನ್ನಾ ಸೋತಿದ್ದರು.

ದಾಖಲೆ ಬಿಟ್ಟು ಆಚೀಚೆ ಹೋಗದ, ಅಳೆದು ತೂಗಿ ಮಾತಾಡುವ ಇಂಥ ವಕೀಲರು ಬದುಕಿನ ಅತಿ ದೊಡ್ಡ ದಾವೆಯನ್ನು ಹೇಗೆ ಹೂಡಿದರು ನೋಡಿ. 1940ರ ಮಾರ್ಚ್‌ನ ಲಾಹೋರ್ ನಿರ್ಣಯ, ಅಂದರೆ ಅವರ ಮುಸ್ಲಿಂ ಲೀಗ್ ಮುಸ್ಲಿಮರಿಗೆ ಪ್ರತ್ಯೇಕ ರಾಷ್ಟ್ರ ಕೇಳಿದ ನಿರ್ಣಯ. ಅದರಲ್ಲಿ ಪಾಕಿಸ್ತಾನ ಎಂಬ ಹೆಸರೇ ಇಲ್ಲ. ಕೇಳಿದ್ದು ಒಂದು ರಾಷ್ಟ್ರವೋ ಎರಡೋ, ಅದೂ ಸ್ಪಷ್ಟವಿಲ್ಲ. ಗಡಿ ಎಲ್ಲಿ ಅಂದರೆ, ಅಗತ್ಯಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳಬಹುದು! ನಮ್ಮಲ್ಲಿ ಎರಡು ಗುಂಟೆ ಜಮೀನಿನ ಪಾಲು ದಾವೆಗೂ ಸರ್ವೆ ನಂಬರ್, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆಯದಿದ್ದರೆ ಕೋರ್ಟ್ ಆಫೀಸಿನಲ್ಲೇ ತಕರಾರು ಎತ್ತುತ್ತಾರೆ, ಅಲ್ವಾ?

ಇದು ಅವಸರದ ಡ್ರಾಫ್ಟಿಂಗ್ ಅಂತ ನನಗೆ ಅನಿಸುವುದಿಲ್ಲ. ಬೇಕೆಂದೇ ಹಾಗೆ ಬಿಟ್ಟರು. ಎಷ್ಟು ಕೇಳುತ್ತೇವೆ ಅನ್ನುವುದು ತೆರೆದಿದ್ದರೆ ರಾಜಿ ಮಾತುಕತೆಯಲ್ಲಿ ಎತ್ತ ಬೇಕಾದರೂ ಸರಿಯಬಹುದು. 1946ರ ಜೂನ್‌ನಲ್ಲಿ ಬ್ರಿಟಿಷ್ ಮಂತ್ರಿಗಳ ನಿಯೋಗವಾದ ಕ್ಯಾಬಿನೆಟ್ ಮಿಷನ್‌ನ ಒಕ್ಕೂಟದ ಯೋಜನೆಗೆ ಅವರ ಲೀಗ್ ಒಪ್ಪಿಯೂ ಇತ್ತು, ಅಂದರೆ ದೇಶ ಒಡೆಯದೆಯೇ ಮುಗಿಯುವ ದಾರಿ ಆಗಿನ್ನೂ ಇತ್ತು. ಜುಲೈನಲ್ಲಿ ನೆಹರೂ ಪತ್ರಿಕಾಗೋಷ್ಠಿಯಲ್ಲಿ, ಸಂವಿಧಾನ ಸಭೆಯಲ್ಲಿ ನಮಗೆ ಯಾವ ಕಟ್ಟುಪಾಡೂ ಇಲ್ಲ ಎಂಬ ಅರ್ಥದ ಮಾತಾಡಿದರು, ಲೀಗ್ ಒಪ್ಪಿಗೆ ಹಿಂತೆಗೆದುಕೊಂಡಿತು. ತಪ್ಪು ಒಬ್ಬರದೇ ಅಂತ ನಾನು ಹೇಳಲಾರೆ.

ಆದರೆ ಅಳತೆ ಕಡೆಗೂ ಬೇರೆಯವರ ಕೈಗೆ ಹೋಯಿತು. ಹಿಂದೆಂದೂ ಭಾರತಕ್ಕೆ ಕಾಲಿಡದ ಸಿರಿಲ್ ರ‍್ಯಾಡ್‌ಕ್ಲಿಫ್, ಅವರೂ ವಕೀಲರೇ, ಸುಮಾರು ಐದು ವಾರದಲ್ಲಿ ಪಂಜಾಬ್ ಮತ್ತು ಬಂಗಾಳಕ್ಕೆ ಗೆರೆ ಎಳೆದರು. ಜಿನ್ನಾ ಎರಡೂ ಪ್ರಾಂತ್ಯ ಇಡಿಯಾಗಿ ಬೇಕು ಅಂದಿದ್ದರು, ಎರಡೂ ಒಡೆದವು. ಜಾಸ್ತಿ ಬೇಸರದ ಸಂಗತಿ ಅಂದರೆ ಗಡಿ ಪ್ರಕಟವಾಗಿದ್ದು ಸ್ವಾತಂತ್ರ್ಯ ಬಂದ ಮೇಲೆ, ಆಗಸ್ಟ್ 17ಕ್ಕೆ. ಅಷ್ಟರಲ್ಲಿ ಬಂಗಾಳದ ಮುರ್ಶಿದಾಬಾದಿನಲ್ಲಿ ಪಾಕಿಸ್ತಾನದ ಬಾವುಟ, ಖುಲ್ನಾದಲ್ಲಿ ಭಾರತದ ಬಾವುಟ ಹಾರಿಸಿ ಆಗಿತ್ತು. ಎರಡನ್ನೂ ಇಳಿಸಿ ಅದಲುಬದಲು ಮಾಡಬೇಕಾಯಿತು.