ಸರ್ವಿಸ್‌ಇಂಪ್ಲ್: ಒಂದೇ ಕೆಲಸಕ್ಕೆ ಎರಡು ಫೈಲ್ ಯಾಕೆ?

ಜಾವಾ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್‌ನಲ್ಲಿ ಬರೆದ ಯಾವುದಾದರೂ ಹಳೆಯ ಪ್ರಾಜೆಕ್ಟ್ ತೆರೆದು ನೋಡಿ. ಆರ್ಡರ್‌ಸರ್ವಿಸ್ ಎಂಬ ಇಂಟರ್‌ಫೇಸ್ ಇರುತ್ತದೆ, ಜೊತೆಗೆ ಆರ್ಡರ್‌ಸರ್ವಿಸ್‌ಇಂಪ್ಲ್ ಎಂಬ ಕ್ಲಾಸ್. ಇಂಟರ್‌ಫೇಸ್‌ನಲ್ಲಿ ಮೆಥಡ್‌ಗಳ ಹೆಸರು ಮಾತ್ರ, ಕೆಲಸವೆಲ್ಲ ಇಂಪ್ಲ್‌ನಲ್ಲಿ. ಆ ಇಂಟರ್‌ಫೇಸನ್ನು ಇಂಪ್ಲಿಮೆಂಟ್ ಮಾಡುವ ಎರಡನೇ ಕ್ಲಾಸ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಯಾಕೆ ಹೀಗೆ ಎಂದು ಹೊಸಬರು ಕೇಳಿದರೆ "ಎಲ್ಲರೂ ಹಾಗೇ ಬರೀತಾರೆ" ಎನ್ನುವ ಉತ್ತರ ಬರುತ್ತದೆ. ಕೇಳಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಬೇಕು.

ಸರ್ವಿಸ್ ಕ್ಲಾಸ್‌ನ ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಎಂಬ ಅನೋಟೇಶನ್, ಅಂದರೆ ಸ್ಪ್ರಿಂಗ್‌ಗೆ ಒಂದು ಸೂಚನೆ, ಹಾಕುತ್ತೇವೆ ಅಲ್ವಾ? ಆಗ ಸ್ಪ್ರಿಂಗ್ ನಮ್ಮ ಕೋಡ್ ಮುಟ್ಟುವುದಿಲ್ಲ. ಅದರ ಮುಂದೆ ಒಂದು ಪ್ರಾಕ್ಸಿ, ಅಂದರೆ ನಮ್ಮ ಕ್ಲಾಸ್‌ನ ಪರವಾಗಿ ಕರೆ ಪಡೆಯುವ ಆಬ್ಜೆಕ್ಟ್, ನಿಲ್ಲಿಸುತ್ತದೆ. ವೆಬ್ ಕೋರಿಕೆ ಪಡೆಯುವ ಕಂಟ್ರೋಲರ್ ಕರೆಯುವುದು ಆ ಪ್ರಾಕ್ಸಿಯನ್ನು. ಪ್ರಾಕ್ಸಿ ಡೇಟಾಬೇಸ್ ಟ್ರಾನ್ಸಾಕ್ಷನ್ ಶುರು ಮಾಡಿ, ನಮ್ಮ ಮೆಥಡ್ ಕರೆದು, ಎಲ್ಲ ಸರಿಯಾದರೆ ಕಮಿಟ್ ಮಾಡುತ್ತದೆ. ರನ್‌ಟೈಮ್ ಎಕ್ಸೆಪ್ಷನ್ ಬಂದರೆ ರೋಲ್‌ಬ್ಯಾಕ್, ಅಂದರೆ ಮಾಡಿದ ಬದಲಾವಣೆ ರದ್ದು.

ಈ ಪ್ರಾಕ್ಸಿ ಮಾಡಲು ಜಾವಾದಲ್ಲೇ ಇರುವ ಸೌಲಭ್ಯ ಇಂಟರ್‌ಫೇಸ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಇಂಟರ್‌ಫೇಸ್ ಬರೆಯುವ ರೂಢಿ ಬೆಳೆಯಲು ಇದೊಂದು ದೊಡ್ಡ ಕಾರಣ. ಸಿಜಿಲಿಬ್ ಎಂಬ ಇನ್ನೊಂದು ದಾರಿಯೂ ಇತ್ತು. ಅದು ನಮ್ಮ ಕ್ಲಾಸ್‌ಗೇ ಒಂದು ಸಬ್‌ಕ್ಲಾಸ್ ಹುಟ್ಟಿಸುತ್ತದೆ. ಆದರೆ ಮೊದಲೆಲ್ಲ ಆ ಲೈಬ್ರರಿಯನ್ನು ನಾವೇ ಸೇರಿಸಬೇಕಿತ್ತು, ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಕೂಡ ಬೇಕಿತ್ತು. ಸ್ಪ್ರಿಂಗ್ 3.2ರಲ್ಲಿ ಸಿಜಿಲಿಬ್ ಒಳಗೇ ಬಂತು. 4.0ರಲ್ಲಿ ಕನ್‌ಸ್ಟ್ರಕ್ಟರ್ ತೊಂದರೆ ಹೋಯಿತು. 2018ರಲ್ಲಿ ಬಂದ ಸ್ಪ್ರಿಂಗ್ ಬೂಟ್ 2.0ರಲ್ಲಿ ಅದೇ ಡೀಫಾಲ್ಟ್ ಆಯಿತು. ಅಲ್ಲಿಗೆ ಹಳೆಯ ಕಾರಣ ಮುಗಿಯಿತು, ರೂಢಿ ಮಾತ್ರ ಉಳಿಯಿತು.

ಹಾಗಾಗಿ ಇವತ್ತು ಒಂದೇ ಕ್ಲಾಸ್ ಸಾಕು. ಮೇಲೆ ಸರ್ವಿಸ್ ಅನೋಟೇಶನ್, ಬೇಕಾದ್ದೆಲ್ಲ ಕನ್‌ಸ್ಟ್ರಕ್ಟರ್ ಮೂಲಕ. ಕನ್‌ಸ್ಟ್ರಕ್ಟರ್ ಒಂದೇ ಇದ್ದರೆ ಸ್ಪ್ರಿಂಗ್ 4.3ರಿಂದ ಆಟೋವೈರ್ಡ್ ಅನೋಟೇಶನ್ ಕೂಡ ಬೇಕಿಲ್ಲ. ಟೆಸ್ಟ್‌ಗೆ ಇಂಟರ್‌ಫೇಸ್ ಬೇಕು ಎನ್ನುವವರಿದ್ದಾರೆ, ಆದರೆ ಮಾಕಿಟೊ ಎಂಬ ಟೆಸ್ಟ್ ಲೈಬ್ರರಿ ಕ್ಲಾಸನ್ನೂ ಮಾಕ್ ಮಾಡುತ್ತದೆ, ಅಂದರೆ ಅದರ ನಕಲಿ ಆಬ್ಜೆಕ್ಟ್ ಕೊಡುತ್ತದೆ. ಎರಡು ಪೇಮೆಂಟ್ ಗೇಟ್‌ವೇ ಇದ್ದಾಗ, ಅಥವಾ ಬೇರೆ ಟೀಮ್ ಬಳಸುವ ಮಾಡ್ಯೂಲ್‌ನ ಗಡಿಯಲ್ಲಿ, ಇಂಟರ್‌ಫೇಸ್ ಖಂಡಿತ ಬೇಕು. "ಮುಂದೆ ಬೇಕಾಗಬಹುದು" ಅಂತ ಸುಮ್ನೆ ಬರೆದಿಡುವುದು ಬೇಡ. ಬೇಕಾದ ದಿನ ಕ್ಲಾಸ್‌ನಿಂದಲೇ ಇಂಟರ್‌ಫೇಸನ್ನು ಎಡಿಟರ್‌ನಲ್ಲೇ ಬೇಗ ಹುಟ್ಟಿಸಬಹುದು.

ಒಂದು ಎಚ್ಚರ: ಕ್ಲಾಸ್ ಆಗಲಿ, ಮೆಥಡ್ ಆಗಲಿ ಫೈನಲ್ ಆಗಿರಬಾರದು. ಫೈನಲ್ ಕ್ಲಾಸ್‌ಗೆ ಸಿಜಿಲಿಬ್ ಸಬ್‌ಕ್ಲಾಸ್ ಹುಟ್ಟಿಸಲಾರದು, ಫೈನಲ್ ಮೆಥಡನ್ನು ಆ ಸಬ್‌ಕ್ಲಾಸ್ ಓವರ್‌ರೈಡ್ ಮಾಡಲಾರದು. ಇನ್ನು, ಒಂದೇ ಕ್ಲಾಸ್‌ನೊಳಗೆ ಒಂದು ಮೆಥಡ್ ಇನ್ನೊಂದನ್ನು ಕರೆದರೆ ಪ್ರಾಕ್ಸಿ ಮಧ್ಯೆ ಬರುವುದೇ ಇಲ್ಲ, ಹಾಗಾಗಿ ಆ ಇನ್ನೊಂದರ ಟ್ರಾನ್ಸಾಕ್ಷನಲ್ ಕೆಲಸ ಮಾಡದು. ಇಂಟರ್‌ಫೇಸ್ ಇದ್ದರೂ ಈ ತೊಂದರೆ ತಪ್ಪದು.

ಹಳೆಯ ಕೋಡ್ ಸರಿಪಡಿಸುವುದಾದರೆ ಒಂದೊಂದೇ ಸರ್ವಿಸ್ ತೆಗೆದುಕೊಳ್ಳಿ. ಇಂಟರ್‌ಫೇಸ್ ಅಳಿಸಿ, ಇಂಪ್ಲ್ ಕ್ಲಾಸ್‌ಗೆ ಅದೇ ಹೆಸರು ಕೊಟ್ಟು ಅದೇ ಪ್ಯಾಕೇಜ್‌ಗೆ ತನ್ನಿ. ಓವರ್‌ರೈಡ್ ಅನೋಟೇಶನ್‌ಗಳನ್ನು ತೆಗೆಯಿರಿ. ಅದನ್ನು ಬಳಸುವ ಕಂಟ್ರೋಲರ್‌ಗಳಲ್ಲಿ ಒಂದು ಸಾಲೂ ಬದಲಾಗಬೇಕಿಲ್ಲ.