ಮೂರು ಕ್ವಿಂಟಲ್ ಸಹಿ: ಬ್ರಿಟನ್ನಿನ ಅರ್ಜಿ ರಾಜಕೀಯ ನಡೆದು ಬಂದ ದಾರಿ

1848ರ ಏಪ್ರಿಲ್. ಲಂಡನ್ನಿನಲ್ಲಿ ಹದಿಮೂರು ಜನ ಗುಮಾಸ್ತರು, ಎಲ್ಲ ಗಂಡಸರಿಗೂ ವೋಟು ಕೊಡಿ ಎಂದು ಸಂಸತ್ತಿಗೆ ಬಂದ ಒಂದೇ ಅರ್ಜಿಯ ಸಹಿಗಳನ್ನು ಎಣಿಸುತ್ತಾ ಕೂತಿದ್ದರು. ಎಣಿಸಿ ಮುಗಿಸಲು ಹದಿನೇಳು ಗಂಟೆ ಹಿಡಿಯಿತು. ಅರ್ಜಿ ತಂದವರು 57 ಲಕ್ಷ ಸಹಿ ಇದೆ ಎಂದಿದ್ದರು. ಲೆಕ್ಕಕ್ಕೆ ಸಿಕ್ಕಿದ್ದು 19,75,496. ಐದು ಟನ್ ಭಾರ ಎಂದಿದ್ದರು. ತಕ್ಕಡಿಗೆ ಹಾಕಿದರೆ ಮೂರು ಕ್ವಿಂಟಲ್ಲೂ ತುಂಬಲಿಲ್ಲ.

ಮಾನ ಹೋಗಿದ್ದು ಮಾತ್ರ ಹೆಸರುಗಳಿಂದ. 'ವಿಕ್ಟೋರಿಯಾ ರೆಕ್ಸ್' ಎಂಬ ಸಹಿ ಇತ್ತು. ರೆಕ್ಸ್ ಎಂದರೆ ರಾಜ, ರಾಣಿಗೆ ರೆಜಿನಾ ಎನ್ನಬೇಕು. ಕಳ್ಳ ಸಹಿ ಹಾಕಿದವನಿಗೆ ಅಷ್ಟೂ ಗೊತ್ತಿರಲಿಲ್ಲ. 'ಮೊಂಡು ಮೂಗು', 'ಚಪ್ಪಟೆ ಮೂಗು' ಎಂದೂ ಯಾರೋ ಬರೆದಿದ್ದರು. ವೆಲಿಂಗ್ಟನ್ ಡ್ಯೂಕನ ಸಹಿಯೂ ಇತ್ತು. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ಡ್ಯೂಕ್. ಅರ್ಜಿ ತರುವವರಿಂದ ಲಂಡನ್ ಕಾಯುವ ಹೊಣೆಯನ್ನು ಆ ಏಪ್ರಿಲ್‌ನಲ್ಲಿ ಅವನಿಗೇ ವಹಿಸಿದ್ದರು! ಅರ್ಜಿ ಪರಿಶೀಲಿಸಿದ ಸಮಿತಿಯ ವರದಿ ಓದಿದಾಗ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಬಿದ್ದು ಬಿದ್ದು ನಕ್ಕಿತು.

ನಗುವಿನಲ್ಲಿ ಒಂದು ವಿಷಯ ಮುಚ್ಚಿಹೋಯಿತು. ಸುಳ್ಳು ಸಹಿ ತೆಗೆದು ನೋಡಿದರೂ, ಅಂದು ದೇಶದಲ್ಲಿ ವೋಟಿದ್ದವರಿಗಿಂತ ಜಾಸ್ತಿ ಜನ ಆ ಹಾಳೆಗಳಲ್ಲಿ ಹೆಸರು ಬರೆದಿದ್ದರು. ಪ್ರತಿ ಒಂದು ಲಕ್ಷಕ್ಕೆ 8,200 ಹೆಸರು ಹೆಂಗಸರದು ಎಂದೂ ಸಮಿತಿ ಲೆಕ್ಕ ಹಾಕಿತ್ತು. ಹೆಂಗಸರ ಸಹಿಗೆ ಬೆಲೆಯಿಲ್ಲ ಎಂದು ತೋರಿಸಲು ಹಾಕಿದ ಲೆಕ್ಕ ಅದು. ಇವತ್ತು ನನಗೆ ಆ ವರದಿಯಲ್ಲಿ ತುಂಬ ಇಷ್ಟವಾಗುವ ಸಾಲೇ ಅದು.

ವೋಟಿಲ್ಲದವನ ಕೈಯಲ್ಲಿ ಇದ್ದದ್ದು ಅರ್ಜಿ ಒಂದೇ. 1689ರ ಹಕ್ಕುಗಳ ಮಸೂದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ: ರಾಜನಿಗೆ ಅರ್ಜಿ ಕೊಡುವುದು ಪ್ರಜೆಯ ಹಕ್ಕು, ಕೊಟ್ಟಿದ್ದಕ್ಕೆ ಜೈಲಿಗೆ ಹಾಕುವಂತಿಲ್ಲ. ಆದರೆ 1661ರ ಒಂದು ಕಾನೂನೂ ಜೊತೆಗೇ ಉಳಿದಿತ್ತು. ಅದರ ಪ್ರಕಾರ ಹತ್ತಕ್ಕಿಂತ ಹೆಚ್ಚು ಜನ ಸೇರಿ ಅರ್ಜಿ ಹೊತ್ತು ತರುವಂತಿಲ್ಲ. ಬೇಡಿಕೊಳ್ಳಬಹುದು, ಗುಂಪು ಕಟ್ಟಿಕೊಂಡು ಬರಬಾರದು. ಮುನ್ನೂರು ವರ್ಷ ಈ ಜಗ್ಗಾಟ ನಿಂತಿಲ್ಲ.

ಅರ್ಜಿಯ ತಾಕತ್ತನ್ನು ಮೊದಲು ದೊಡ್ಡದಾಗಿ ತೋರಿಸಿದ್ದು ಗುಲಾಮರ ವ್ಯಾಪಾರದ ವಿರೋಧಿಗಳು. 1792ರಲ್ಲಿ ಒಂದೇ ವರ್ಷ 519 ಅರ್ಜಿಗಳು ಬಂದವು. ಸಹಿ ಮಾಡಿದವರು ಮೂರೂಮುಕ್ಕಾಲು ಲಕ್ಷಕ್ಕೂ ಹೆಚ್ಚು. ಆದರೂ ಆ ವ್ಯಾಪಾರ ನಿಂತಿದ್ದು 1807ರಲ್ಲಿ. ಹದಿನೈದು ವರ್ಷ ಕಾಯಬೇಕಾಯಿತು.

ಆಗಿನ ಚುನಾವಣೆಯ ಅವಸ್ಥೆ ಕೇಳಿದರೆ ನಂಬುವುದು ಕಷ್ಟ. ಓಲ್ಡ್ ಸೇರಮ್ ಎಂಬ ಖಾಲಿ ದಿಣ್ಣೆಗೆ ಇಬ್ಬರು ಸಂಸದರು. ಗಿರಣಿಗಳಿಂದ ತುಂಬಿದ ಮ್ಯಾಂಚೆಸ್ಟರಿಗೆ ಒಬ್ಬನೂ ಇಲ್ಲ. 1832ರ ಸುಧಾರಣಾ ಕಾಯ್ದೆ ಇದನ್ನು ಸ್ವಲ್ಪ ಸರಿಮಾಡಿ, ಪಟ್ಟಣಗಳಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯ ಮನೆ ಇದ್ದವರಿಗೆ ವೋಟು ಕೊಟ್ಟಿತು. ಬೀದಿಗಿಳಿದು ಹೋರಾಡಿದ ಕೂಲಿಕಾರರು ಹೊರಗೇ ಉಳಿದರು. ಅಂಗಡಿಯವನಿಗೆ ವೋಟು ಬಂತು, ಅಂಗಡಿಯಲ್ಲಿ ದುಡಿಯುವವನಿಗೆ ಬರಲಿಲ್ಲ.

ಆ ಸಿಟ್ಟಿನಿಂದ ಹುಟ್ಟಿದ್ದೇ 1838ರ 'ಜನರ ಸನ್ನದು'. ಬರೆದವರಲ್ಲಿ ಮುಖ್ಯ ವಿಲಿಯಂ ಲವೆಟ್, ಕಸುಬಿನಲ್ಲಿ ಬಡಗಿ. ಬೇಡಿಕೆಗಳು ಆರೇ ಆರು. 21 ತುಂಬಿದ ಎಲ್ಲ ಗಂಡಸರಿಗೆ ವೋಟು, ಗುಪ್ತ ಮತದಾನ, ಸಂಸದನಾಗಲು ಆಸ್ತಿ ಇರಬೇಕೆಂಬ ನಿಯಮ ರದ್ದು, ಸಂಸದರಿಗೆ ಸಂಬಳ, ಸಮನಾದ ಕ್ಷೇತ್ರಗಳು, ವರ್ಷಕ್ಕೊಂದು ಚುನಾವಣೆ. ಇದನ್ನು ಹಿಡಿದು ಹೊರಟವರಿಗೆ ಚಾರ್ಟಿಸ್ಟರು ಎಂದು ಹೆಸರು ಬಂತು.

ಮೊದಲ ಅರ್ಜಿ 1839ರದ್ದು, 12 ಲಕ್ಷದ 80 ಸಾವಿರ ಸಹಿ. ಕಾಮನ್ಸ್ ಸಭೆ 235–46ರಲ್ಲಿ ತಳ್ಳಿಹಾಕಿತು. ಅದೇ ನವೆಂಬರಿನಲ್ಲಿ ವೇಲ್ಸ್‌ನ ನ್ಯೂಪೋರ್ಟಿನಲ್ಲಿ ದಂಗೆ ಎದ್ದು, ಸೈನಿಕರ ಗುಂಡಿಗೆ ಸುಮಾರು ಇಪ್ಪತ್ತು ಜನ ಸತ್ತರು. 1842ರಲ್ಲಿ ಎರಡನೇ ಅರ್ಜಿ, 33 ಲಕ್ಷ ಸಹಿ. ಹಾಳೆಗೆ ಹಾಳೆ ಅಂಟಿಸಿ ಸುತ್ತಿದ ಆ ಸುರುಳಿಯ ಉದ್ದ ಸುಮಾರು ಹತ್ತು ಕಿಲೋಮೀಟರ್. ಸಂಸತ್ತಿನ ಬಾಗಿಲಲ್ಲಿ ತೂರಲಿಲ್ಲ. ಕೊನೆಗೆ ಬಿಚ್ಚಿ, ತುಂಡು ತುಂಡಾಗಿ ಒಳಗೆ ಒಯ್ದು ನೆಲದ ಮೇಲೆ ರಾಶಿ ಹಾಕಿದರು. ಅದನ್ನೂ ತಳ್ಳಿಹಾಕಿದರು.

ಮೂರನೆಯದೇ ಆರಂಭದಲ್ಲಿ ಹೇಳಿದ್ದು. 1848ರ ಏಪ್ರಿಲ್ 10, ಸೋಮವಾರ. ಲಂಡನ್ನಿನ ದಕ್ಷಿಣಕ್ಕೆ ಕೆನ್ನಿಂಗ್ಟನ್ ಬಯಲಿನಲ್ಲಿ ಜನ ಸೇರಿದರು. ಯೂರೋಪಿನ ತುಂಬ ಕ್ರಾಂತಿಯ ವರ್ಷ ಅದು, ಪ್ಯಾರಿಸ್ಸಿನಲ್ಲಿ ರಾಜ ಆಗಲೇ ಓಡಿಹೋಗಿದ್ದ. ಸರ್ಕಾರ ವಿಕ್ಟೋರಿಯಾ ರಾಣಿಯನ್ನು ಐಲ್ ಆಫ್ ವೈಟ್ ದ್ವೀಪಕ್ಕೆ ಸಾಗಿಸಿ, ಸಾವಿರಾರು ನಾಗರಿಕರಿಗೆ ಲಾಠಿ ಕೊಟ್ಟು ವಿಶೇಷ ಪೊಲೀಸರನ್ನಾಗಿ ಮಾಡಿತು. ಮೆರವಣಿಗೆಯ ಏರ್ಪಾಟು ನೋಡಿಕೊಳ್ಳುತ್ತಿದ್ದವನು ವಿಲಿಯಂ ಕಫೆ. ಕಸುಬಿನಲ್ಲಿ ದರ್ಜಿ, ಕೆರಿಬಿಯನ್ ದ್ವೀಪದಲ್ಲಿ ಗುಲಾಮನಾಗಿದ್ದವನ ಮಗ. ಪೊಲೀಸರು ಥೇಮ್ಸ್ ನದಿಯ ಸೇತುವೆ ದಾಟಲು ಬಿಡುವುದಿಲ್ಲ ಎಂದರು. ಮುಖಂಡ ಫಿಯರ್ಗಸ್ ಓಕಾನರ್ ಒಪ್ಪಿಕೊಂಡ. ಕಫೆಗೆ ಅದು ಹಿಡಿಸಲಿಲ್ಲ. ಕೊನೆಗೆ ಜನ ಈ ದಡದಲ್ಲೇ ಉಳಿದು, ಅರ್ಜಿ ಮಾತ್ರ ಬಾಡಿಗೆ ಕುದುರೆಗಾಡಿಗಳಲ್ಲಿ ನದಿ ದಾಟಿತು. ಅದೇ ವರ್ಷ ಸಂಚಿನ ಆರೋಪದ ಮೇಲೆ ಕಫೆಗೆ ಗಡೀಪಾರು ಶಿಕ್ಷೆಯಾಯಿತು, ಮರುವರ್ಷ ಹಡಗು ಹತ್ತಿಸಿ ಟಾಸ್ಮೇನಿಯಾಕ್ಕೆ ಕಳಿಸಿದರು.

ಶಾಲಾ ಪುಸ್ತಕಗಳು ಚಾರ್ಟಿಸ್ಟರು ಸೋತರು ಎಂದು ಅಲ್ಲಿಗೇ ಕಥೆ ಮುಗಿಸಿಬಿಡುತ್ತವೆ. ಸ್ವಲ್ಪ ಮುಂದಕ್ಕೆ ನೋಡಿ. ಆಸ್ತಿಯ ನಿಯಮ 1858ರಲ್ಲಿ ಹೋಯಿತು. ಗುಪ್ತ ಮತದಾನ 1872ರಲ್ಲಿ ಬಂತು. ಕ್ಷೇತ್ರಗಳನ್ನು 1885ರಲ್ಲಿ ಹೆಚ್ಚುಕಡಿಮೆ ಸಮ ಮಾಡಿದರು. 1911ರಲ್ಲಿ ಸಂಸದರಿಗೆ ವರ್ಷಕ್ಕೆ 400 ಪೌಂಡ್ ಸಂಬಳ. 1918ರಲ್ಲಿ 21 ತುಂಬಿದ ಎಲ್ಲ ಗಂಡಸರಿಗೂ ವೋಟು. ಆರರಲ್ಲಿ ಐದು ಆಯಿತು. ವರ್ಷಕ್ಕೊಂದು ಚುನಾವಣೆ ಮಾತ್ರ ಆಗಲಿಲ್ಲ, ಸದ್ಯ!

ಹೆಂಗಸರ ಕಥೆಯಲ್ಲೂ ಒಂದು ಸುರುಳಿ ಇದೆ. 1866ರ ಜೂನ್‌ನಲ್ಲಿ ಎಮಿಲಿ ಡೇವಿಸ್ ಮತ್ತು ಎಲಿಜಬೆತ್ ಗ್ಯಾರೆಟ್ ಎಂಬ ಗೆಳತಿಯರು ಹೆಂಗಸರಿಗೂ ವೋಟು ಕೇಳಿ ಸುಮಾರು 1,500 ಹೆಂಗಸರು ಸಹಿ ಮಾಡಿದ ಅರ್ಜಿ ಹಿಡಿದು ವೆಸ್ಟ್‌ಮಿನ್‌ಸ್ಟರ್ ಹಾಲಿಗೆ ಬಂದರು. ಜನ ನೋಡುತ್ತಾರಲ್ಲ ಎಂದು ಸಂಕೋಚವಾಯಿತಂತೆ. ಅಲ್ಲೇ ಸೇಬು ಮಾರುತ್ತಿದ್ದ ಹೆಂಗಸಿನ ಗಾಡಿಯ ಅಡಿಯಲ್ಲಿ ಅದನ್ನು ಬಚ್ಚಿಟ್ಟರು. ಆಮೇಲೆ ಚಿಂತಕ, ಸಂಸದ ಜಾನ್ ಸ್ಟುವರ್ಟ್ ಮಿಲ್ ಬಂದು ಒಳಗೆ ಒಯ್ದರು. ಮರುವರ್ಷ ಹೆಂಗಸರಿಗೂ ವೋಟು ಕೊಡಿ ಎಂದು ಮಿಲ್ ತಂದ ತಿದ್ದುಪಡಿ 196–73ರಲ್ಲಿ ಸೋತಿತು.

ಇಲ್ಲಿ ನಮ್ಮ ಊರಿನ ಮಾತೊಂದು ಬರುತ್ತದೆ. ಅದೇ 1866ರಲ್ಲಿ ಮಿಲ್ ಇನ್ನೊಂದು ಅರ್ಜಿಯನ್ನೂ ಮಂಡಿಸಿದ್ದರು: ಮೈಸೂರನ್ನು ಬ್ರಿಟಿಷ್ ರಾಜ್ಯಕ್ಕೆ ಸೇರಿಸಿಕೊಳ್ಳಬೇಡಿ, ದೇಶೀ ರಾಜ್ಯವಾಗಿಯೇ ಇರಲಿ ಎಂಬುದು. 1831ರಿಂದ ಮೈಸೂರು ಕಮಿಷನರ್‌ಗಳ ಕೈಯಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಮುದುಕರಾಗಿದ್ದರು, ದತ್ತುಮಗನಿಗೆ ಮಾನ್ಯತೆ ಸಿಕ್ಕಿರಲಿಲ್ಲ. 1867ರಲ್ಲಿ ಲಂಡನ್ ಸರ್ಕಾರ ಮನಸ್ಸು ಬದಲಿಸಿತು, 1881ರಲ್ಲಿ ಚಾಮರಾಜೇಂದ್ರ ಒಡೆಯರ್ ಕೈಗೆ ರಾಜ್ಯ ಮರಳಿ ಬಂತು. ಮಿಲ್ ಹಿಡಿದ ಎರಡು ಅರ್ಜಿಗಳಲ್ಲಿ ಬೇಗ ಗೆದ್ದದ್ದು ಮೈಸೂರಿನದು. ಕಾರಣ ಸಹಿಗಳ ಸಂಖ್ಯೆಯಲ್ಲ. ಭಾರತದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಹಲವರು ಮೈಸೂರಿನ ಪರ ಇದ್ದರು. ಮಂತ್ರಿಗಳ ಮನೆಯ ಊಟದ ಮೇಜಿಗೆ ಅವರ ಮಾತು ಮುಟ್ಟುತ್ತಿತ್ತು. ಇಂದು ರಾಜಕೀಯಶಾಸ್ತ್ರದಲ್ಲಿ ಒತ್ತಡ ಗುಂಪುಗಳನ್ನು 'ಒಳಗಿನವು', 'ಹೊರಗಿನವು' ಎಂದು ವಿಂಗಡಿಸುತ್ತಾರಲ್ಲ, ಅದರ ಹಳೆಯ ಉದಾಹರಣೆ ಇದು.

ಹೊರಗೇ ಉಳಿದ ಹೆಂಗಸರ ತಾಳ್ಮೆ ಕೊನೆಗೆ ಕೆಟ್ಟಿತು. ಎಮಲೀನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹೊಸ ಸಂಘ ಕಟ್ಟಿದರು. 1909ರಲ್ಲಿ ಪ್ರಧಾನಿ ಆಸ್ಕ್ವಿತ್‌ಗೆ ಅರ್ಜಿ ಕೊಡಲು ಹೋಗಿ ಬಂಧನವಾದಾಗ ಅವರು 1689ರ ಹಕ್ಕನ್ನೇ ಮುಂದಿಟ್ಟು ಕೋರ್ಟಿನಲ್ಲಿ ವಾದಿಸಿದರು. ಸೋತರು. ಮರುವರ್ಷ ನವೆಂಬರ್ 18ರಂದು ಸಂಸತ್ತಿನೆದುರು ಪೊಲೀಸರು ಹೆಂಗಸರನ್ನು ಎಳೆದಾಡಿ ಹೊಡೆದರು. ಆ ದಿನಕ್ಕೆ 'ಕರಾಳ ಶುಕ್ರವಾರ' ಎಂದೇ ಹೆಸರು. ಪಂಜಾಬಿನ ಕೊನೆಯ ಮಹಾರಾಜನ ಮಗಳು ಸೋಫಿಯಾ ದುಲೀಪ್ ಸಿಂಗ್ ಅಲ್ಲಿದ್ದರು. 30 ದಾಟಿದ, ಒಂದಿಷ್ಟು ಆಸ್ತಿಯ ಅರ್ಹತೆ ಇದ್ದ ಹೆಂಗಸರಿಗೆ ವೋಟು 1918ರಲ್ಲಿ, ಗಂಡಸರಿಗೆ ಸಮನಾಗಿ 1928ರಲ್ಲಿ.

ಎಲ್ಲರಿಗೂ ವೋಟು ಬಂದ ಮೇಲೆ ಅರ್ಜಿ ಯಾರಿಗೆ ಬೇಕು? ಬೇಕಾಯಿತು. 1936ರ ಅಕ್ಟೋಬರಿನಲ್ಲಿ ಉತ್ತರ ಇಂಗ್ಲೆಂಡಿನ ಜ್ಯಾರೋ ಊರಿನ 200 ನಿರುದ್ಯೋಗಿಗಳು ಓಕ್ ಮರದ ಪೆಟ್ಟಿಗೆಯಲ್ಲಿ ಅರ್ಜಿ ಇಟ್ಟುಕೊಂಡು ಲಂಡನ್ನಿಗೆ ನಡೆದರು. ಸುಮಾರು 450 ಕಿಲೋಮೀಟರ್. ಪ್ರಧಾನಿ ಬಾಲ್ಡ್ವಿನ್ ಅವರನ್ನು ಭೇಟಿಯಾಗಲೇ ಇಲ್ಲ. 1996ರ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಒಬ್ಬ 16 ಮಕ್ಕಳನ್ನೂ ಟೀಚರನ್ನೂ ಗುಂಡಿಟ್ಟು ಕೊಂದ. ಆ ಕಾಲದಲ್ಲಿ ಅರಳುವ 'ಸ್ನೋಡ್ರಾಪ್' ಹೂವಿನ ಹೆಸರಿನಲ್ಲಿ ಶುರುವಾದ ಅರ್ಜಿಗೆ ಕೆಲವೇ ತಿಂಗಳಲ್ಲಿ ಏಳು ಲಕ್ಷ ಸಹಿ ಬಿತ್ತು. 1997ರಲ್ಲಿ ಎರಡು ಕಾಯ್ದೆಗಳು ಬಂದು ಖಾಸಗಿ ಕೈಬಂದೂಕುಗಳಿಗೆ ನಿಷೇಧ ಬಿತ್ತು. ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಗೆದ್ದ ಅರ್ಜಿ ಅಪರೂಪ. ಇಡೀ ದೇಶ ಅಳುತ್ತಿತ್ತು, ಚುನಾವಣೆ ಹತ್ತಿರವಿತ್ತು. ಎರಡೂ ಕೂಡಿ ಬಂದವು.

ಆಮೇಲೆ ಇಂಟರ್ನೆಟ್ ಬಂತು. 2007ರಲ್ಲಿ ರಸ್ತೆ ಬಳಕೆಗೆ ಶುಲ್ಕ ಬೇಡ ಎಂದು ಪ್ರಧಾನಿ ಕಚೇರಿಯ ವೆಬ್‌ಸೈಟಿನಲ್ಲಿ 18 ಲಕ್ಷ ಜನ ಸಹಿ ಹಾಕಿದರು. ಈಗಿನ ನಿಯಮ ಸರಳ: 10 ಸಾವಿರ ಸಹಿಗೆ ಸರ್ಕಾರದ ಉತ್ತರ, 1 ಲಕ್ಷಕ್ಕೆ ಚರ್ಚೆಯ ಪರಿಶೀಲನೆ. 2019ರಲ್ಲಿ ಬ್ರೆಕ್ಸಿಟ್, ಅಂದರೆ ಯೂರೋಪಿಯನ್ ಒಕ್ಕೂಟ ಬಿಡುವ ನಿರ್ಧಾರ, ಕೈಬಿಡಿ ಎಂಬ ಅರ್ಜಿಗೆ 61 ಲಕ್ಷ ಸಹಿ ಬಿತ್ತು. ಜನ ನುಗ್ಗಿದ ರಭಸಕ್ಕೆ ಸೈಟೇ ಕೂತುಬಿಟ್ಟಿತು. ಏಪ್ರಿಲ್ 1ರಂದು ಚರ್ಚೆ ನಡೆಯಿತು, ಬ್ರೆಕ್ಸಿಟ್ ನಿಲ್ಲಲಿಲ್ಲ. ಮೊಂಡು ಮೂಗಿನ ವಂಶವೂ ಅಳಿದಿಲ್ಲ. 2016ರಲ್ಲಿ ಎರಡನೇ ಜನಮತ ಗಣನೆ ಕೇಳಿದ ಅರ್ಜಿಯಿಂದ 77 ಸಾವಿರ ನಕಲಿ ಸಹಿ ತೆಗೆಯಬೇಕಾಯಿತು. ಸಾವಿರ ಜನವೂ ಇಲ್ಲದ ವ್ಯಾಟಿಕನ್ ನಗರದ ಲೆಕ್ಕದಲ್ಲೇ ಹತ್ತಾರು ಸಾವಿರ ಸಹಿ!

61 ಲಕ್ಷಕ್ಕೆ ಜಗ್ಗದ ಸಂಸತ್ತು 7 ಲಕ್ಷಕ್ಕೆ ಯಾಕೆ ಬಗ್ಗಿತು? 1842ರಲ್ಲಿ ಒಂದು ಸಹಿ ಬೇಕೆಂದರೆ ಯಾರೋ ಹಾಳೆ ಹಿಡಿದು ಮನೆ ಬಾಗಿಲಿಗೆ ಹೋಗಬೇಕಿತ್ತು, ವಾದ ಮಾಡಬೇಕಿತ್ತು. ಸಹಿ ಹಾಕಿದವನಿಗೆ ಕೆಲಸ ಹೋಗುವ ಭಯ. ಆ ಸುತ್ತಾಟದಲ್ಲೇ ಸಂಘ ಬೆಳೆಯುತ್ತಿತ್ತು. ಈಗ ಬಸ್ಸಿನಲ್ಲಿ ಕೂತು ಒಂದು ಕ್ಲಿಕ್, ಮುಂದಿನ ಸ್ಟಾಪಿನಲ್ಲಿ ಮರೆತೂ ಹೋಗಿರುತ್ತದೆ. ಸಂಸದರಿಗೂ ಅದು ಗೊತ್ತು, ಅಲ್ವಾ? ಅವರು ನೋಡುವುದು ಸಹಿಯ ಹಿಂದೆ ಎಷ್ಟು ಜನ ಎದ್ದು ಬರುತ್ತಾರೆ ಎಂದು.

ಎದ್ದು ಬರುವವರ ಮೇಲೆ ಕಣ್ಣೂ ಹಾಗೇ ಇದೆ. 1817ರ ಕಾನೂನು ಸಂಸತ್ತಿನ ಒಂದು ಮೈಲಿ ಒಳಗೆ ಅರ್ಜಿಗಾಗಿ 50ಕ್ಕಿಂತ ಹೆಚ್ಚು ಜನ ಸೇರುವುದನ್ನು ತಡೆದಿತ್ತು. 2005ರ ಕಾನೂನು ಒಂದು ಕಿಲೋಮೀಟರ್ ಒಳಗಿನ ಪ್ರತಿಭಟನೆಗೆ ಮೊದಲೇ ಪೊಲೀಸರ ಒಪ್ಪಿಗೆ ಬೇಕು ಎಂದಿತು. ಅದು 2011ರಲ್ಲಿ ಹೋಯಿತು. 2022 ಮತ್ತು 2023ರ ಕಾಯ್ದೆಗಳು ಬೇರೆ ದಾರಿಯಿಂದ ಪೊಲೀಸರ ಕೈ ಬಲಪಡಿಸಿದವು. ಮೈಲಿ ಹೋಗಿ ಕಿಲೋಮೀಟರ್ ಬಂದದ್ದು ಪ್ರಗತಿ ಎನ್ನಬೇಕೋ ಏನೋ.

ಕೆನ್ನಿಂಗ್ಟನ್ ಬಯಲು ಈಗ ಪಾರ್ಕ್. ಅದು ಇರುವುದು ಲ್ಯಾಂಬೆತ್‌ನಲ್ಲಿ. ಅಲ್ಲಿಂದ ನದಿಯ ಕಡೆ ನಡೆದು ಬಂದರೆ ಆಲ್ಬರ್ಟ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಸಿಗುತ್ತದೆ, 2015ರಲ್ಲಿ ನಿಲ್ಲಿಸಿದ್ದು. ಸಂಸತ್ತು ಇರುವುದು ನದಿಯ ಆಚೆ ದಡದಲ್ಲಿ. ಫೋಟೋ ತೆಗೆಸಿಕೊಳ್ಳಲು ಬರುವ ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತಿರದ ಸಂಗತಿ ಇದು: ಕಾಮನ್‌ವೆಲ್ತ್ ದೇಶದವರು ಎಂಬ ಕಾರಣಕ್ಕೆ, ವೀಸಾ ಮೇಲೆ ಅಲ್ಲಿ ವಾಸವಿರುವ ಭಾರತೀಯರೂ ಸಂಸತ್ ಚುನಾವಣೆಯಲ್ಲಿ ವೋಟು ಹಾಕಬಹುದು. ಮೂವತ್ತು ವರ್ಷದಿಂದ ಅಲ್ಲೇ ಇರುವ ಫ್ರಾನ್ಸಿನ ಪ್ರಜೆಗೆ ಆ ಹಕ್ಕಿಲ್ಲ. ಹೆಸರು ನೋಂದಾಯಿಸಲು ಆನ್‌ಲೈನ್‌ನಲ್ಲಿ ಐದು ನಿಮಿಷ ಸಾಕು. ಬೂತಿನಲ್ಲಿ ತೋರಿಸಲು ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ.